ನಮ್ಮ ಕುದುರೆಯ ದಮ್ಮು

ನಮ್ಮದು ಕುರಿ ಕಾಯುವ ಮನೆತನ. ಮಳೆಗಾಲ ಮುಗಿದರೆ ಹುಕ್ಕೇರಿ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುತ್ತಾ ಅಲೆಯುತ್ತೇವೆ. ಮೊದಲೆಲ್ಲ ಪಾತ್ರೆ, ಕಂಬಳಿ, ಅವತ್ತೇ ಹುಟ್ಟಿದ ಮರಿಗಳು, ಎಲ್ಲವೂ ಒಂದು ಹೆಣ್ಣು ಕುದುರೆಯ ಬೆನ್ನ ಮೇಲೆ. ಮರಿಗಳು ಚೀಲದಿಂದ ತಲೆ ಹೊರಹಾಕಿ, ಮದುವೆಗೆ ಹೊರಟವರ ಹಾಗೆ ಊರು ನೋಡುತ್ತಾ ಬರುತ್ತಿದ್ದವು. ನಾನು ಮಾತ್ರ ನಡೆಯಬೇಕು. ಅಪ್ಪನಿಗೆ ಮಗಳಿಗಿಂತ ಕುದುರೆ ಮೇಲೇ ಜೀವ ಎಂದು ಮುಖ ಊದಿಸಿಕೊಳ್ಳುತ್ತಿದ್ದೆ. ಅದು ಸುಳ್ಳೂ ಅಲ್ಲ.

ಒಂದು ಸಲ ಯಮಕನಮರಡಿ ದಾಟಿ ಏರು ಹತ್ತುವಾಗ ಕುದುರೆಯ ಗಂಟಲಿನಿಂದ ಗೊರ್ ಎಂಬ ಸದ್ದು ಬಂತು. ಉಸಿರು ಒಳಗೆಳೆದಾಗಲೆಲ್ಲ ಅದೇ ಸದ್ದು. ನಿಂತರೆ ಕಡಿಮೆಯಾಗುತ್ತಿತ್ತು, ನಡೆದರೆ ಮತ್ತೆ ಶುರು. ಅಂದಿನಿಂದ ಅಪ್ಪ ಪ್ರತಿ ಏರಿನಲ್ಲೂ ನಿಂತು, ಅದು ದಮ್ಮು ತೆಗೆದುಕೊಳ್ಳುವವರೆಗೆ ಕಾಯತೊಡಗಿದ.

ಗೋಕಾಕದ ದನದ ಡಾಕ್ಟರು ಅದನ್ನು ಓಡಾಡಿಸಿ, ಗಂಟಲು ಮುಟ್ಟಿ ನೋಡಿದರು.

"ಗಂಟಲದಾಗ ಒಂದು ಬಾಜೂ ನರ ಸತ್ತೈತಿ ಕಾಕಾ. ಉಸರಾಡೂ ದಾರಿ ಪೂರ್ತಿ ತೆರಿಯೂದಿಲ್ಲ. ಇದಕ್ಕ ಔಷಧ ಇಲ್ರಿ. ಭಾರ ಹೊರಸೂದು ಬಿಡ್ರಿ."

"ಆಪರೇಷನ್ನು?" ಎಂದ ಅಪ್ಪ.

"ಮಾಡೋರು ಈ ಕಡೆ ಯಾರೂ ಇಲ್ರಿ."

ಔಷಧ ಇಲ್ಲ ಎಂಬ ಮಾತು ಅಪ್ಪನ ತಲೆಗೆ ಹೋಗಲೇ ಇಲ್ಲ. ಕುರಿಗೆ, ಎತ್ತಿಗೆ ಏನೇ ಬಂದರೂ ನಮ್ಮಲ್ಲಿ ಒಂದೇ ದಾರಿ: ಬಿದಿರಿನ ಗೊಟ್ಟಕ್ಕೆ ಕಷಾಯ ತುಂಬಿ, ಮೂತಿ ಮೇಲೆತ್ತಿ, ಗಂಟಲಿಗೆ ಸುರಿಯುವುದು. ಧುಪದಾಳದ ಹತ್ತಿರ ಬೀಡುಬಿಟ್ಟಾಗ ಅಪ್ಪ ಬೆಳ್ಳುಳ್ಳಿ, ಮೆಣಸು, ಬೆಲ್ಲ ಹಾಕಿ ಕುದಿಸಿದ. ಅವ್ವ ಕುದುರೆಯ ತಲೆ ಎತ್ತಿ ಹಿಡಿದಳು.

"ಕುಡಿ ನನ್ನವ್ವ, ಆರಾಮ ಆಗತೈತಿ" ಎನ್ನುತ್ತಾ ಅಪ್ಪ ಸುರಿದ. ಅದು ಕೆಮ್ಮಿತು, ಕಾಲು ಝಾಡಿಸಿತು. ಕಫ ಬಿಡುತ್ತಿದೆ ಎಂದು ಖುಷಿಪಟ್ಟು ಉಳಿದದ್ದನ್ನೂ ಸುರಿದ.

ಆ ಕಷಾಯ ಹೋದದ್ದು ಹೊಟ್ಟೆಗಲ್ಲ, ಪುಪ್ಪುಸಕ್ಕೆ. ಜ್ವರ ಬಂತು, ಮೂಗಿನಿಂದ ನಾರುವ ನೀರು ಇಳಿಯಿತು. ಡಾಕ್ಟರು ಅಲ್ಲಿಗೇ ಬಂದು ಸೂಜಿ ಮಾಡಿದರು.

"ಮೊದಲ ಅದರ ಗಂಟಲ ಸರಿ ಇಲ್ಲ. ಗೊಟ್ಟ ಹಾಕಬಾರದಿತ್ರಿ" ಎಂದರು, ಅಷ್ಟೇ. ಬೈದಿದ್ದರೇ ಒಳ್ಳೆಯದಿತ್ತು. ಕುದುರೆ ಕುತ್ತಿಗೆ ಚಾಚಿ, ಮೂಗು ಅರಳಿಸಿ, ಒದ್ದಾಡಿ ಸತ್ತಿತು. ಸುತ್ತ ಬಯಲಲ್ಲಿ ಅಷ್ಟೊಂದು ಗಾಳಿ ಬೀಸುತ್ತಿತ್ತು. ನನಗೆ ಆ ಗಾಳಿಯ ಮೇಲೇ ಸಿಟ್ಟು ಬಂತು.

ಈಗ ಸಾಮಾನು ಟೆಂಪೋದಲ್ಲಿ ಹೋಗುತ್ತದೆ. ಮರಿಗಳನ್ನು ನಾವೇ ಬಗಲಲ್ಲಿ ಹೊತ್ತು ನಡೆಯುತ್ತೇವೆ. ಮೊನ್ನೆ ಅದೇ ಏರಿನಲ್ಲಿ ಅಪ್ಪ ನಿಂತುಬಿಟ್ಟ. ಕುರಿಗಳು ಮುಂದೆ ಹೋದವು.

"ಯಾಕ ನಿಂತ್ರಿ?" ಎಂದಳು ಅವ್ವ.

"ತಡಿ, ಆಕಿ ಒಂದೀಟ ದಮ್ಮ ತಗೊಳ್ಳಲಿ" ಎಂದು ಅಪ್ಪ ಹಿಂದೆ ತಿರುಗಿದ. ಅಲ್ಲಿ ನಾನಿದ್ದೆ, ಬಗಲಲ್ಲಿ ಮರಿ.