ಎಲೆ ಉದುರಿದ ಕಾಲದ ಅಳತೆ

ಮರದ ಕೊಂಬೆಗಳ ಹರವನ್ನೂ ಅದಕ್ಕೂ ಪಕ್ಕದ ಮರಕ್ಕೂ ನಡುವಿನ ತೆರಪನ್ನೂ ಅಳೆದು, ಕಾಡು ನೆಲವನ್ನು ಎಷ್ಟರಮಟ್ಟಿಗೆ ಮುಚ್ಚಿದೆಯೆಂದು ಅಂದಾಜಿಸುವ ವಿದ್ಯೆಯನ್ನು ನಮ್ಮ ಸಸ್ಯ ಸಮೀಕ್ಷಾ ಕಚೇರಿಯ ಎರಡು ತಲೆಮಾರಿಗೆ ಕಲಿಸಿದವರು, ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಹೆಗಲ ಮೇಲೆ ಸದಾ ಅಳತೆಯ ಟೇಪು ಇರುತ್ತಿದ್ದುದರಿಂದ ಬೆನ್ನ ಹಿಂದೆ ನಾವೆಲ್ಲ ಅವರನ್ನು ‘ಟೇಪಕ್ಕ’ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತೆಂಬುದು ನಮಗೆ ಬಹಳ ತಡವಾಗಿ ಗೊತ್ತಾಯಿತು.

ಬೀಳ್ಕೊಡುಗೆಗೆ ನಾವು ತರುತ್ತಿರುವ ಪುಸ್ತಕದ ಈ ಲೇಖನಕ್ಕೆ ಅವರು ಒಂದೇ ಷರತ್ತು ಹಾಕಿದ್ದಾರೆ. “ಗುಡ್ಡದ ವಿಷಯ ಬರೆಯೋದಾದ್ರೆ ಬರಿ. ಬರೀ ಹೊಗಳೋದಾದ್ರೆ ಪುಸ್ತಕಾನೇ ಬೇಡ.”

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ತಂದೆ ಹಾಸಿಗೆ ಹಿಡಿದಿದ್ದರು. ಕಾಡಿಗೆ ಹೋಗುವ ನನ್ನ ಸರದಿಗಳನ್ನೆಲ್ಲ ಮೇಡಂ ತಾವೇ ವಹಿಸಿಕೊಂಡರು, ಯಾರೊಡನೆಯೂ ಅದನ್ನು ಹೇಳಿಕೊಳ್ಳಲಿಲ್ಲ. ಊರ ಹೊರಗಿನ ಗುಡ್ಡದ ಸಮೀಕ್ಷೆಯೂ ಹಾಗೆ ಅವರು ವಹಿಸಿಕೊಂಡ ನನ್ನ ಸರದಿಯೇ. ಅದು ಎಲೆ ಉದುರಿದ ಕಾಲ. ತಮ್ಮ ಕೆಲಸ, ನನ್ನ ಕೆಲಸ ಎರಡರ ಅವಸರದಲ್ಲಿ ಅವರು ಕೊಂಬೆಯ ತುದಿಯವರೆಗೆ ಅಳೆಯದೆ, ಎಲೆ ಉಳಿದಿದ್ದಷ್ಟು ಭಾಗವನ್ನೇ ಅಳೆದರು. ಹರವು ಕಿರಿದಾಯಿತು, ತೆರಪು ಹಿರಿದಾಯಿತು. ದಟ್ಟ ಕಾಡು ವರದಿಯಲ್ಲಿ ವಿರಳ ಕಾಡಾಯಿತು. ವಿರಳವಾದದ್ದನ್ನು ಕಡಿಯಲು ಅಡ್ಡಿಯಿರಲಿಲ್ಲ. ರಸ್ತೆಗಾಗಿ ಅರ್ಧ ಗುಡ್ಡ ಬೋಳಾಯಿತು.

ಮಳೆಗಾಲ ಮುಗಿದ ಮೇಲೆ ಉಳಿದರ್ಧಕ್ಕೆ ನಾವಿಬ್ಬರೂ ಹೋದೆವು. ಮೇಡಂ ತಲೆಯೆತ್ತಿದರು. ಮರಕ್ಕೆ ಮರ ತಾಗಿಕೊಂಡಿತ್ತು, ಆಕಾಶ ಕಾಣಲಿಲ್ಲ. “ತಪ್ಪಳೆದುಬಿಟ್ಟಿದೀನಿ ಕಣೋ,” ಎಂದವರು ಟೇಪು ಬಿಚ್ಚಿ ಕೊಂಬೆಯ ತುದಿಯವರೆಗೆ ಮತ್ತೆ ಅಳೆಯತೊಡಗಿದರು.

“ಯಾರೂ ಕೇಳಿಲ್ಲ. ಕಡಿದ ಮರ ಎದ್ದು ನಿಲ್ಲುತ್ತಾ? ಸುಮ್ನಿದ್ಬಿಡಿ,” ಎಂದರು, ಕಚೇರಿಯಲ್ಲಿ ವಿಷಯ ಕೇಳಿದ ಮೇಲಧಿಕಾರಿ.

“ಉಳಿದಿರೋದನ್ನೂ ಕಡೀತಾರಲ್ಲ ಸಾರ್,” ಎಂದ ಮೇಡಂ, ತಮ್ಮ ವರದಿ ತಪ್ಪೆಂದು ಬರೆದುಕೊಟ್ಟರು. ಅಷ್ಟಕ್ಕೇ ನಿಲ್ಲದೆ, ಗುಡ್ಡದ ಬುಡದಲ್ಲಿ ವಾಸಿಸುವವರ ಸಭೆಗೆ ಹೋಗಿ, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಮುಂದಿನ ಸಾಲಿನ ಅಜ್ಜಿಯೊಬ್ಬರು, “ಬಂದು ಹೇಳಿದೆಯಲ್ಲ ತಾಯಿ, ಅದು ದೊಡ್ಡದು. ಆದ್ರೆ ನಮ್ಮ ನೆರಳು ಹೋಯ್ತಲ್ಲ,” ಎಂದರು. ಆ ಸಮೀಕ್ಷೆ ನನ್ನ ಸರದಿಯಾಗಿತ್ತೆಂದು ಹೇಳಲು ನಾನು ಬಾಯಿ ತೆರೆದಾಗ ಮೇಡಂ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಹೊರಗೆ ಬಂದಮೇಲೆ, “ಟೇಪ್ ಹಿಡಿದಿದ್ದು ನಾನು. ಅಪ್ಪನ್ನ ನೋಡ್ಕೊಂಡಿದ್ದಕ್ಕೆ ನೀನು ನಾಚ್ಕೋಬೇಡ,” ಎಂದರು. ಆ ಮಾತಿನಿಂದ ನನ್ನ ನಾಚಿಕೆ ಇಮ್ಮಡಿಯಾಯಿತೇ ಹೊರತು ಕಡಿಮೆಯಾಗಲಿಲ್ಲ.

ಉಳಿದ ಕಾಡು ಉಳಿಯಿತು. ಬಡ್ತಿ ಮಾತ್ರ ಅವರನ್ನು ದಾಟಿ ಕಿರಿಯರಿಗೆ ಹೋಯಿತು. ಎರಡು ಕಾಲಗಳಲ್ಲಿ, ಇಬ್ಬರು ಬೇರೆಬೇರೆಯಾಗಿ ಅಳೆಯದೆ ಯಾವ ಕಾಡಿನ ವರದಿಯನ್ನೂ ಬರೆಯಬಾರದೆಂಬ ಪದ್ಧತಿಯನ್ನು ಹಟ ಹಿಡಿದು ಜಾರಿಗೆ ತಂದವರು ಅವರೇ. ಹೊಸಬರ ಮೊದಲ ಪಾಠ ಗುಡ್ಡದ ಬೋಳು ಬದಿಯಲ್ಲೇ ನಡೆಯುತ್ತಿತ್ತು. “ಇದು ನಾನು ಮಾಡಿದ್ದು,” ಎನ್ನುವಾಗ ಪ್ರತಿಸಲವೂ ಅವರ ಧ್ವನಿ ಕುಗ್ಗುತ್ತಿತ್ತು. ಹಿಂದೆ ನಿಂತ ನಾನು ನನ್ನ ಚಪ್ಪಲಿಯನ್ನೇ ನೋಡುತ್ತಿದ್ದೆ.

ಮೊನ್ನೆ ಅವರು ಮೇಜು ಖಾಲಿ ಮಾಡುತ್ತಿದ್ದಾಗ ಕೇಳಿದೆ: “ಇಷ್ಟು ವರ್ಷ ಆಯ್ತಲ್ಲ ಮೇಡಂ, ಆ ನಾಚಿಕೆ ಇನ್ನೂ ಹೋಗಿಲ್ವಾ?”

“ಹೋದ್ರೆ ಮತ್ತೆ ಅವಸರ ಮಾಡ್ತೀನಲ್ಲೋ,” ಎಂದರು.

ಅವರಿಗೆ ದೀರ್ಘಾಯುಷ್ಯವೂ ಕಾಡು ಸುತ್ತುವ ಕಾಲ್ಬಲವೂ ಇರಲಿ. ನಮ್ಮ ಒಂದೊಂದು ವರದಿಯನ್ನೂ ಅವರು ಇನ್ನೂ ಬಹುಕಾಲ ಓದಿ, ಅನುಮಾನಿಸಿ, “ಇನ್ನೊಂದ್ಸಲ ಅಳೆದುಬಾ” ಎಂದು ಹಿಂದಕ್ಕೆ ಕಳಿಸುತ್ತಿರಲಿ.