ಒಂದೇ ಕುರ್ಚಿಯ ಮನೆ

ಬಡಗಿ ಮಾಡಿದ ಕುರ್ಚಿಗಳು ಊರಿನ ಎಷ್ಟೋ ಮನೆಗಳಲ್ಲಿವೆ. ಆದರೆ ಒಂದು ಮಂಗಳವಾರ ಬೆಳಿಗ್ಗೆ ಅವನು ಸ್ವಂತ ಮನೆಯ ಮೂರು ಕುರ್ಚಿಗಳನ್ನು ಹೊತ್ತು, ರಸ್ತೆಯಾಚೆಗಿದ್ದ ತನ್ನ ಶೆಡ್ಡಿಗೆ ಸಾಗಿಸಿದ. ಅವುಗಳ ಹಿಂದೆ ಅವನ ಚಪ್ಪಲಿ, ಕನ್ನಡಕ, ಕೆಮ್ಮಿನ ಔಷಧಿ, ಜೋಡಿ ಫೋಟೋ ಹೋದವು. ಕೊನೆಗೆ ಅವನೂ ಹೋದ.

ಆ ಮನೆಯಲ್ಲಿ ಅವನೂ ಕ್ಷೌರಿಕನೂ ಹದಿನಾಲ್ಕು ವರ್ಷದಿಂದ ಸಂಸಾರ ಹೂಡಿದ್ದರು. ಬೀದಿಯವರು ಮೊದಮೊದಲು ಗುಸುಗುಸು ಎಂದರು, ಆಮೇಲೆ ಬೇಜಾರಾಗಿ ಬೇರೆ ಸುದ್ದಿ ಹಿಡಿದರು. ಇಬ್ಬರಿಗೂ ಈಗ ಮಗು ಬೇಕಿತ್ತು. ದತ್ತು ಕಚೇರಿಯ ಅರ್ಜಿಯಲ್ಲಿ ಗಂಡ ಹೆಂಡತಿಗೊಂದು ಅಂಕಣ, ಒಂಟಿಯಾಗಿರುವವರಿಗೊಂದು ಅಂಕಣ. ಇಬ್ಬರು ಗಂಡಸರಿಗೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಕಾಗದದ ಮೇಲೆ ಕ್ಷೌರಿಕ ಒಂಟಿಯಾದ, ಬಡಗಿ ಇಲ್ಲವಾದ.

"ಮನೆ ನೋಡೋಕೆ ಅಧಿಕಾರಿ ಬರ್ತಾರೆ. ನಿಂದು ಅಂತ ಒಂದು ಕಡ್ಡಿನೂ ಕಾಣಬಾರದು ಕಣಪ್ಪ," ಎಂದವಳು ಕ್ಷೌರಿಕನ ಅಕ್ಕ. ಅರ್ಧಂಬರ್ಧ ಕೆಲಸ ಮಾಡಿ ಬಡಗಿಗೆ ಗೊತ್ತಿಲ್ಲ. ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು, ಒಂದು ಕುರ್ಚಿ ಬಿಟ್ಟು ಮಿಕ್ಕದ್ದೆಲ್ಲ ತೆಗೆದ. ಫೋಟೋದ ಮೊಳೆಯನ್ನೂ ಕಿತ್ತು ತೂತು ಮುಚ್ಚಿ ಸುಣ್ಣ ಸವರಿದ. ಅತಿಯಾದರೆ ಅಮೃತವೂ ವಿಷ ಎನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ನಡುವಯಸ್ಸಿನ ಅಧಿಕಾರಿಣಿ ಬಂದು ಇದ್ದೊಂದು ಕುರ್ಚಿಯಲ್ಲಿ ಕೂತರು. ಅಂಗಡಿಯಲ್ಲೂ ಒಂದೇ ಕುರ್ಚಿಯ ಹಿಂದೆ ನಿಂತು ದುಡಿದವನು ಕ್ಷೌರಿಕ, ನಿಂತೇ ಉತ್ತರ ಕೊಟ್ಟ. ಶೆಡ್ಡಿನ ಕಿಟಕಿಯಿಂದ ಬಡಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು.

ವಾರದ ಮೇಲೆ ಪತ್ರ ಬಂತು: 'ಮನೆಯಲ್ಲಿ ಇನ್ನೊಂದು ಜೀವಕ್ಕೆ ಜಾಗ ಮಾಡಿಕೊಟ್ಟು ಅಭ್ಯಾಸವಿದ್ದಂತೆ ಕಾಣುವುದಿಲ್ಲ. ಇನ್ನೊಮ್ಮೆ ನೋಡಿ ತೀರ್ಮಾನಿಸಲಾಗುವುದು.'

ಓದಿದ ಬಡಗಿಗೆ ಮೊದಲು ನಗು ಬಂತು, ಆಮೇಲೆ ಅಳು. ಮಗು ಕೈತಪ್ಪಿದರೆ ಅದು ತನ್ನ ಕೈಯಾರೆ ಆದದ್ದು. ಅಂದೇ ಕುರ್ಚಿಗಳನ್ನು ವಾಪಸು ಹೊತ್ತು ತಂದ. ಜೊತೆಗೆ ಮೊಣಕಾಲೆತ್ತರದ ಪುಟ್ಟ ಕುರ್ಚಿಯೊಂದನ್ನು ಮಾಡಲು ಕೂತ.

ಎರಡನೆಯ ಸಲ ಅಧಿಕಾರಿಣಿ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದುಬಿಟ್ಟರು. ಬಡಗಿ ಶೆಡ್ಡಿಗೆ ಹೋಗದೆ, ಇನ್ನೂ ಮನೆಯಲ್ಲೇ ಕೂತು ಪುಟ್ಟ ಕುರ್ಚಿಯ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ.

"ಚೆನ್ನಾಗಿದೆ. ಮಗು ಬೆಳೆದ ಹಾಗೆ ದೊಡ್ಡದು ಬೇಕಾಗುತ್ತೆ. ಆಗ ಮತ್ತೆ ಬರ್ತೀರಾ?" ಎಂದು ಅವನನ್ನೇ ಕೇಳಿದರು.

ಬಡಗಿ ಬಾಗಿಲ ಕಡೆ ನೋಡಿದ. ಕೂಲಿಗೆ ಬಂದ ಬಡಗಿಯಂತೆ ಹೂಂ ಎಂದು ಎದ್ದು ಹೋದರೆ ಆಗಿತ್ತು. ಅಷ್ಟರಲ್ಲಿ ಕ್ಷೌರಿಕ ಬಾಯಿ ತೆರೆದ.

"ಹೋದ್ರೆ ತಾನೇ ಮೇಡಂ ಬರೋದು? ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದಾನೆ. ನನ್ನ ಜೊತೆ."

ಬಡಗಿ ಉಪ್ಪುಕಾಗದ ಕೆಳಗಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಹೋದ ಸಲ ಎಲ್ಲಿದ್ರಿ?" ಎಂದು ಅಧಿಕಾರಿಣಿ ಬಡಗಿಯನ್ನು ಕೇಳಿದರು.

"ಎದುರು ಶೆಡ್ಡಲ್ಲಿ."

"ನೋಡಿದ್ದೆ. ಕಿಟಕೀಲಿ ನೀವು, ಪಕ್ಕದಲ್ಲಿ ನಾನು ಕೂತಿದ್ದಂಥವೇ ಮೂರು ಕುರ್ಚಿ." ಅವರು ಪೆನ್ನು ತೆಗೆದರು. "ಮನೆಯಲ್ಲಿರೋ ಇತರರು ಅಂತ ಒಂದು ಸಾಲಿದೆ. ಸಂಬಂಧ ಏನು ಅಂತ ಬರೀಲಿ?"

"ಬಡಗಿ ಅಂತ ಬರೀರಿ ಮೇಡಂ," ಎಂದ ಬಡಗಿ. " ನನಗೆ ಅಷ್ಟೇ ಸಾಕು. ಮಗು ಬಂದ್ರೆ ಸಾಕು."

ಅವರು ಒಂದು ಪದವನ್ನಷ್ಟೇ ಬರೆದು ಎದ್ದರು. ಏನು ಬರೆದರೆಂದು ತೋರಿಸಲಿಲ್ಲ.

ಒಂಬತ್ತು ತಿಂಗಳಿಗೆ ಕರೆ ಬಂತು. ಕಚೇರಿಯೊಳಗೆ ಅರ್ಜಿದಾರನಿಗೆ ಮಾತ್ರ ಪ್ರವೇಶ. ಬಡಗಿ ಹೊರಗೆ, ತೊಡೆಯ ಮೇಲೆ ಪುಟ್ಟ ಕುರ್ಚಿ ಇಟ್ಟುಕೊಂಡು ಕಾದ. ಕ್ಷೌರಿಕನ ಬೆರಳು ಹಿಡಿದು ಮೂರೂವರೆ ವರ್ಷದ ಮಗು ಹೊರಬಂತು.

"ಇದು ಯಾರ್ದು?"

"ನಿಂದು," ಎಂದು ಬಡಗಿ ಕುರ್ಚಿಯನ್ನು ಕೆಳಗಿಟ್ಟ.

ಮಗು ಕೂತು ನೋಡಿ, ಹುಬ್ಬು ಗಂಟಿಕ್ಕಿತು. "ಅಲ್ಲಾಡುತ್ತೆ."

ಕುರ್ಚಿ ಸರಿಯಾಗಿಯೇ ಇತ್ತು. ಕಚೇರಿಯ ನೆಲವೇ ಏರುಪೇರು. ಬಡಗಿ ಅದನ್ನು ಹೇಳಲಿಲ್ಲ.

"ನಡಿ," ಎಂದ, "ನಮ್ಮ ಮನೆಗೆ ಹೋಗಿ ಸರಿ ಮಾಡಿಕೊಡ್ತೀನಿ."