ಟೆರೇಸಿನ ಮೇಲಿನ ನಾಲ್ಕು ಟೈರು

ನನ್ನ ಜೀಪಿಗೆ ಎರಡು ಸೆಟ್ ಟೈರುಗಳಿವೆ. ರಸ್ತೆಗೆ ಹೊಂದುವುದು ಗಾಡಿಯಲ್ಲೇ ಇರುತ್ತದೆ. ಕಲ್ಲು, ಕೆಸರಿನ ದಾರಿಗೆಂದು ತಂದ ನಾಲ್ಕು ದಪ್ಪ ಟೈರುಗಳು ಚಂದಾಪುರದ ನನ್ನ ಬಾಡಿಗೆ ಮನೆಯ ಟೆರೇಸಿನಲ್ಲಿ ಬಿದ್ದಿದ್ದವು.

ಕೆಳಗಿನ ರೂಮಿನಲ್ಲಿದ್ದ ರಾಯಚೂರಿನ ಗಾರೆ ಕೆಲಸದವರಿಬ್ಬರಿಗೆ ಡೆಂಗ್ಯೂ ಬಂದ ಮೇಲೆ ಆಶಾ ಕಾರ್ಯಕರ್ತೆಯೊಬ್ಬರು ಮನೆ ಪರೀಕ್ಷೆಗೆ ಬಂದರು. ಟೆರೇಸಿಗೆ ಹತ್ತಿ ಟೈರಿನೊಳಗೆ ಟಾರ್ಚ್ ಬೆಳಕು ಬಿಟ್ಟರು. ನಿಂತ ಮಳೆನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಅವರು ಫಾರ್ಮಿನಲ್ಲಿ ‘ಹಳೇ ಟೈರು, ನಾಲ್ಕು’ ಎಂದು ಬರೆದುಕೊಂಡರು.

ನನಗೆ ತಡೆಯಲಾಗಲಿಲ್ಲ. “ಹಳೇದಲ್ಲ ಮೇಡಂ, ಹೋದ ವರ್ಷ ತಗೊಂಡಿದ್ದು. ಬೆಟ್ಟಕ್ಕೆ ಹೋಗುವಾಗ ಹಾಕ್ತೀನಿ.”

“ಎಷ್ಟು ಸಲ ಹೋಗಿದ್ದೀರಾ ಸಾರ್?”

“ಒಂದ್ಸಲ.”

“ಫಾರ್ಮಲ್ಲಿ ಹಳೇ ಟೈರು ಅಂತಷ್ಟೇ ಇರೋದು. ಓಡೋ ಟೈರಲ್ಲಿ ಸೊಳ್ಳೆ ಮೊಟ್ಟೆ ಇಡಲ್ಲ.”

ನಾಲ್ಕನ್ನೂ ನಾನೇ ಎತ್ತಿ ಬಗ್ಗಿಸಿ ನೀರು ಚೆಲ್ಲಿದೆ. ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಯಿತು. ಕೊನೆಯ ಟೈರು ಖಾಲಿಯಾಗುವ ತನಕ ಅವರು ಕದಲಲಿಲ್ಲ.

ಕೆಳಗಿಳಿದವರು ಗೇಟಿನ ಹತ್ತಿರ ನಿಂತು, ಗಾಜಿನ ಮೇಲೆ ಧೂಳು ಕೂತಿದ್ದ ಜೀಪನ್ನು ನೋಡಿದರು.

“ಇದರ ಟೈರಾದ್ರೂ ಓಡ್ತವಾ ಸಾರ್?”

ಎಲೆಕ್ಟ್ರಾನಿಕ್ ಸಿಟಿಗೆ ನಾನು ದಿನಾ ಕಂಪನಿ ಬಸ್ಸಲ್ಲಿ ಹೋಗೋದು ಅಂತ ಅವರಿಗೆ ಹೇಳಲಿಲ್ಲ.